ಲಾಕರ್ ಕೋಣೆಗೆ ಇನ್ನು ಬೆರಳಚ್ಚು ಬೇಡ

ಸಂಘದ ಎಲ್ಲ ಸದಸ್ಯರಿಗೆ, ಲಾಕರ್ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಲಾಕರ್ ಕೋಣೆಯ ಬಾಗಿಲಲ್ಲಿರುವ ಬೆರಳಚ್ಚು ಯಂತ್ರವನ್ನು ತೆಗೆಯುತ್ತಿದ್ದೇವೆ. ಫೋಟೋ ಇರುವ ಸದಸ್ಯರ ಕಾರ್ಡ್ ತೋರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಸಾಕು. ನಮ್ಮಲ್ಲಿರುವ ಮಾದರಿ ಸಹಿ ತಾಳೆ ನೋಡಿ ಸಿಬ್ಬಂದಿ ನಿಮ್ಮನ್ನು ಒಳಗೆ ಕರೆದೊಯ್ಯುತ್ತಾರೆ. ಲಾಕರ್ ತೆರೆಯಲು ಮೊದಲಿನ ಹಾಗೆ ಎರಡು ಕೀಲಿ ಬೇಕು, ನಿಮ್ಮದೊಂದು, ಸಂಘದ್ದೊಂದು. ಬಾಡಿಗೆ ಬದಲಾಗುವುದಿಲ್ಲ.

ಸಹಿ ಬಾರದವರು ರಿಜಿಸ್ಟರಿನಲ್ಲಿ ಮಸಿಯ ಹೆಬ್ಬೆಟ್ಟು ಒತ್ತಬಹುದು. ಅದು ಕಾಗದದಲ್ಲೇ ಇರುತ್ತದೆ, ಸ್ಕ್ಯಾನ್ ಮಾಡುವುದಿಲ್ಲ.

ಇರುವ ಯಂತ್ರ ಯಾಕೆ ತೆಗೀತೀರಿ ಅಂತ ಕೆಲವರು ಕೇಳಿದ್ದಾರೆ. ಅಡಿಕೆ ಸುಗ್ಗಿಯಲ್ಲಿ ಆ ಬಾಗಿಲ ಹತ್ತಿರ ನಿಂತು ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಮೆಟ್ಟುಗತ್ತಿಯಲ್ಲಿ ಸುಲಿದು ಸುಲಿದು ಬೆರಳ ತುದಿ ಗೀರಿರುತ್ತದೆ, ಚೊಗರು ಹತ್ತಿ ಕಪ್ಪಾಗಿರುತ್ತದೆ. ಯಂತ್ರ ಕೆಂಪು ದೀಪ ತೋರಿಸುತ್ತದೆ. ವಯಸ್ಸಾದ ಅಮ್ಮಂದಿರು ಸೆರಗಿಗೆ ಬೆರಳು ಒರೆಸಿ ಒರೆಸಿ ಮತ್ತೆ ಒತ್ತುತ್ತಾರೆ. ತಮ್ಮ ಚಿನ್ನ ತೆಗೆಯಲು ಬಂದವರು ಹೀಗೆ ಸಂಕೋಚಪಡಬೇಕಾ?

ಉಳಿದರ್ಧ ಇನ್ನೂ ಮುಖ್ಯ. ಲಾಕರ್ ಕೀಲಿ ಕಳೆದರೆ ಬೀಗ ಒಡೆಸಿ ಹೊಸದು ಹಾಕಿಸುತ್ತೇವೆ. ಬೆರಳಚ್ಚಿನ ಮಾಹಿತಿ ಕಳುವಾದರೆ ಬೆರಳು ಬದಲಾಯಿಸಲು ಆಗುವುದಿಲ್ಲ. ಇಂಥ ಯಂತ್ರ ಸಾಮಾನ್ಯವಾಗಿ ಬೆರಳಿನ ಫೋಟೋ ಇಟ್ಟುಕೊಳ್ಳುವುದಿಲ್ಲ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಅನ್ನುವುದನ್ನು ಅಂಕಿಗಳಾಗಿ ಉಳಿಸುತ್ತದೆ. ಬರೀ ಅಂಕಿ ತಾನೇ ಅಂತ ಸುಮ್ನೆ ಇರುವ ಹಾಗಿಲ್ಲ. ಅಂಥ ಅಂಕಿಗಳಿಂದಲೇ ಬೆರಳಚ್ಚನ್ನು ಹೆಚ್ಚುಕಡಿಮೆ ಮತ್ತೆ ರಚಿಸಬಹುದು ಎಂದು ಸಂಶೋಧಕರು ತೋರಿಸಿದ್ದಾರೆ. ನೀವು ರೇಷನ್ ತರುವುದೂ ಅದೇ ಬೆರಳಿನಿಂದ ಅಲ್ವಾ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಇದು ನಮಗೆ ಹೆಮ್ಮೆಯ ವಿಷಯ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಇವುಗಳ ಪ್ರಕಾರ, ಮಾಹಿತಿ ಯಾವ ಕೆಲಸಕ್ಕೆ ಅಂತ ಹೇಳಿ ಒಪ್ಪಿಗೆ ಕೇಳಬೇಕು. ಅದನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕು. ಆ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲೂ ಆಗಬೇಕು. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಇದೆ. ಇದರಲ್ಲಿ ಮುಖ್ಯವಾದವು ಜಾರಿಗೆ ಬರುವುದು ನಿಯಮ ಬಂದ 18 ತಿಂಗಳಿಗೆ. ಅಲ್ಲಿವರೆಗೆ ಕಾಯುವುದು ಬೇಡ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಕಾರ್ಡ್, ಸಹಿ, ಎರಡು ಕೀಲಿ ಇರುವಾಗ ಬೆರಳಚ್ಚು ಬೇಕೇ ಬೇಕು ಅನ್ನಲು ನಮಗೆ ಕಾರಣ ಸಿಗಲಿಲ್ಲ.

ಯಂತ್ರದಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ, ಬ್ಯಾಕಪ್‌ನಲ್ಲಿ ಇರುವ ಬೆರಳಚ್ಚಿನ ಮಾಹಿತಿಯನ್ನೆಲ್ಲ ಅಳಿಸುತ್ತೇವೆ. ಯಂತ್ರ ಹಾಕಿಕೊಟ್ಟ ಕಂಪನಿಯಿಂದ, ತಮ್ಮ ಹತ್ತಿರ ಏನೂ ಉಳಿದಿಲ್ಲ ಎಂದು ಬರವಣಿಗೆಯಲ್ಲಿ ಪಡೆಯುತ್ತೇವೆ. ಆ ಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಅಳಿಸುವ ದಿನ ಬಂದು ನೋಡಬೇಕು ಅನ್ನುವವರು ಖಂಡಿತ ಬನ್ನಿ. ಯಾರು ಯಾವಾಗ ಲಾಕರ್ ತೆರೆದರು ಎಂಬ ದಾಖಲೆ ಮಾತ್ರ ಉಳಿಯುತ್ತದೆ, ಅದು ನಿಮ್ಮ ಒಡವೆಯ ರಕ್ಷಣೆಗೇ ಬೇಕು.

ಒಂದು ಗೊಂದಲ ಬೇಡ. ನಮ್ಮ ಯಂತ್ರಕ್ಕೂ ನಿಮ್ಮ ಆಧಾರ್‌ಗೂ ಸಂಬಂಧ ಇರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟು ಎಂದಿನಂತೆ ನಡೆಯುತ್ತದೆ. ಆಧಾರ್‌ನಲ್ಲಿರುವ ಬೆರಳಚ್ಚು ಯಾರೂ ದುರುಪಯೋಗ ಮಾಡಬಾರದು ಅನ್ನುವವರು ಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳಬಹುದು. ಲಾಕ್ ಹಾಕಿದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ, ಹೋಗುವ ಮೊದಲು ತೆರೆದುಕೊಂಡು ಹೋಗಿ. ಮೊಬೈಲಿನಲ್ಲಿ ಇದನ್ನು ಮಾಡಲು ಕಷ್ಟವಾದರೆ ಕಚೇರಿಗೆ ಬನ್ನಿ, ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇವೆ. ಒಟಿಪಿ ಮಾತ್ರ ನೀವೇ ಒತ್ತಿ, ನಮಗೂ ಹೇಳಬೇಡಿ.

ಫೋಟೋ ಕಾರ್ಡ್ ಇಲ್ಲದವರು ಈ ತಿಂಗಳೊಳಗೆ ಒಂದು ಫೋಟೋ ತಂದು ಮಾಡಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಇಂತಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ