ಗೆಳೆಯನಿಗೊಂದು ಪತ್ರ: ಹೊಳೆಯ ಬೆನ್ನು ಹತ್ತೋಣ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಮೈಸೂರು, ಊಟಿ, ಕೊಡೈಕೆನಾಲ್, ಮುನ್ನಾರ್. ಒಂದೇ ವಾರದಲ್ಲಿ ನಾಲ್ಕು ಊರು, ದಿನ ಬೆಳಗಾದರೆ ಗಂಟುಮೂಟೆ ಕಟ್ಟುವ ಕೆಲಸ. ಊರುಗಳೆಲ್ಲ ಚೆಂದವೇ. ಆದರೆ ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೀಗೆ ಓಡಿದರೆ ಆ ಚೆಂದ ನಿನಗೂ ದಕ್ಕುವುದಿಲ್ಲ, ವೈನಿಯವರಿಗಂತೂ ಮೊದಲೇ ಇಲ್ಲ. ಆ ವಯಸ್ಸಿನವರಿಗೆ ದೂರದ ಬೆಟ್ಟದ ನೋಟ ಏನು ಮಾಡಬೇಕು? ಅವಳಿಗೆ ಮುಟ್ಟಲು ನೀರು ಬೇಕು, ಆರಿಸಿಕೊಳ್ಳಲು ಕಲ್ಲು ಬೇಕು, ಓಡಲು ಬಯಲು ಬೇಕು, ಹೊತ್ತಿಗೆ ಸರಿಯಾಗಿ ಅನ್ನ ಮತ್ತು ನಿದ್ದೆ ಬೇಕು.

ಅದಕ್ಕೇ ಹೇಳುತ್ತೇನೆ: ಈ ಸಲ ಎರಡೂ ಮನೆಯವರು ಸೇರಿ ನಮ್ಮದೇ ಹೊಳೆಯ ಬೆನ್ನು ಹತ್ತಿ ಸಮುದ್ರದವರೆಗೆ ಹೋಗೋಣ.

ಶಾಲ್ಮಲೆ ಹುಟ್ಟುವುದು ನಮ್ಮ ಧಾರವಾಡದ ಸೋಮೇಶ್ವರ ಗುಡಿಯ ಬಳಿ. ನಿಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯ ಕಡೆಯಿಂದ ಹೊರಡುವ ಹಳ್ಳ ಕಲಘಟಗಿಯ ಹತ್ತಿರ ಅದನ್ನು ಕೂಡಿಕೊಳ್ಳುತ್ತದೆ. ಮುಂದೆ ಕಾಡು ಹೊಕ್ಕಾಗ ಅದು ಬೇಡ್ತಿ, ಘಟ್ಟ ಇಳಿದ ಮೇಲೆ ಗಂಗಾವಳಿ. ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಅವಳಿನಗರ ಕುಳಿತಿರುವ ಜಾಗವೇ ಅಂಥದ್ದು: ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಬೆಣ್ಣೆಹಳ್ಳ ಹಿಡಿದು ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಪಾಲು ಹೀಗೆ ಪಶ್ಚಿಮಕ್ಕೆ ಇಳಿಯುತ್ತದೆ. ಸಣ್ಣದೊಂದು ಹರಿವು ದೊಡ್ಡದಾಗುತ್ತ ಹೋಗುವುದು ಮೂರು ವರ್ಷದ ಮಗುವಿಗೂ ತಿಳಿಯುವ ಕಥೆ. ಹೊರಡುವ ಹಿಂದಿನ ಸಂಜೆ ಅವಳನ್ನು ಉಣಕಲ್ ಕೆರೆಯ ದಂಡೆಗೆ ಕರೆದೊಯ್ದು, 'ಈ ನೀರು ಎಲ್ಲಿಗೆ ಹೋಗುತ್ತದೆ ನೋಡೋಣ' ಎಂದು ಹೇಳಿಬಿಡು. ಉಳಿದದ್ದನ್ನು ಅವಳೇ ದಾರಿಯುದ್ದಕ್ಕೂ ಕೇಳುತ್ತಾಳೆ.

ನವೆಂಬರ್ ಒಳ್ಳೆಯದು. ಮಳೆ ನಿಂತಿರುತ್ತದೆ, ಹೊಳೆ ಇನ್ನೂ ತುಂಬಿರುತ್ತದೆ, ಉಂಬಳದ ಕಾಟವೂ ಕಡಿಮೆ. ಮಳೆಗಾಲದ ಹಸಿರು ನೋಡಬೇಕೆಂದು ಜುಲೈ ತಿಂಗಳ ಹೆಸರು ಮಾತ್ರ ಎತ್ತಬೇಡ. 2024ರ ಜುಲೈಯಲ್ಲಿ ಇದೇ ಗಂಗಾವಳಿಯ ದಂಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರ ಜೀವ ಹೋದದ್ದು ನನಗೆ ಇನ್ನೂ ಮರೆಯಲಾಗಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಆ ದಿನಗಳಲ್ಲಿ ಘಟ್ಟ ಇಳಿಯುವುದು ಬೇಡವೇ ಬೇಡ.

ನಾವು ಸೋಮೇಶ್ವರಕ್ಕೆ ಕೈಮುಗಿದು ಬರುತ್ತೇವೆ, ನೀವು ಹುಬ್ಬಳ್ಳಿಯಿಂದ ಬನ್ನಿ, ಕಲಘಟಗಿಯಲ್ಲಿ ಸೇರೋಣ. ಅಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು ಎಂಬುದು ನನ್ನ ಆಸೆ. ನಮ್ಮ ಕಡೆ ಎಷ್ಟು ಮನೆಗಳ ಮಕ್ಕಳು ಆ ತೊಟ್ಟಿಲಲ್ಲಿ ಮಲಗಿ ಬೆಳೆದಿದ್ದಾರೆ! ಮರದ ಮೇಲೆ ಕಥೆಯ ಚಿತ್ರಗಳು ಮೂಡುವುದನ್ನು ಅವಳು ಕಣ್ಣಾರೆ ನೋಡಲಿ.

ಕಲಘಟಗಿ ದಾಟಿದ ಮೇಲೆ ಬಯಲು ಮುಗಿದು ಸಾಗವಾನಿಯ ಕಾಡು ಶುರು. ಯಲ್ಲಾಪುರದಲ್ಲಿ ಎರಡು ರಾತ್ರಿ ಇರೋಣ, ಅದಕ್ಕಿಂತ ಕಡಿಮೆ ಬೇಡ. ಅಲ್ಲಿಂದ ಮಾಗೋಡಿಗೆ ಹೋದರೆ ಬೇಡ್ತಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುವುದು ಕಾಣುತ್ತದೆ. ಇಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯನ್ನು ಅಲ್ಲಿನ ರೈತರು ವಿರೋಧಿಸಿ ನಿಲ್ಲಿಸಿದ್ದರಿಂದಲೇ ಈ ನೋಟ ಇವತ್ತಿಗೂ ನಮ್ಮ ಪಾಲಿಗಿದೆ. ಅದನ್ನು ನೆನೆದಾಗಲೆಲ್ಲ ಅವರ ಮೇಲೆ ಗೌರವ ಉಕ್ಕುತ್ತದೆ. ಆದರೆ ಮಾಗೋಡು ದೂರದಿಂದ ನೋಡುವ ಜಲಪಾತ. ಮಗಳು ಬೇಗ ಬೇಸರಪಟ್ಟರೆ ತಪ್ಪು ತಿಳಿಯಬೇಡ. ಬೆಳಿಗ್ಗೆ ಅದೊಂದನ್ನೇ ನೋಡಿ, ಮಧ್ಯಾಹ್ನ ಅವಳು ಮಲಗಲಿ, ಸಂಜೆ ಕವಡಿಕೆರೆಯ ದಂಡೆಯಲ್ಲಿ ಓಡಾಡಲಿ. ಜೇನುಕಲ್ಲು ಗುಡ್ಡದ ಸೂರ್ಯಾಸ್ತ ಬಲು ಸೊಗಸು, ಮಕ್ಕಳು ಲವಲವಿಕೆಯಿಂದ ಇದ್ದರೆ ಮಾತ್ರ ಹೋಗೋಣ.

ಅರಬೈಲು ಘಟ್ಟದಲ್ಲಿ ತಿರುವುಗಳೂ ಲಾರಿಗಳೂ ಹೆಚ್ಚು. ಇಳಿಯುವ ದಿನ ಬೆಳಿಗ್ಗೆ ಬೇಗ ಹೊರಡಬೇಕು, ಮಗುವಿಗೆ ಹೊಟ್ಟೆ ತುಂಬ ತಿನ್ನಿಸಬಾರದು, ಕಾರಿನಲ್ಲಿ ಮೊಬೈಲ್ ಕೊಡಬಾರದು. ಕೆಳಗೆ ನೋಡುತ್ತ ಕೂತರೆ ವಾಂತಿ ಖಂಡಿತ. ಒಣ ಅವಲಕ್ಕಿ, ಕುದಿಸಿ ಆರಿಸಿದ ನೀರು, ಒಂದು ಜೊತೆ ಬಟ್ಟೆ ಕೈಗೆ ಸಿಗುವ ಚೀಲದಲ್ಲಿರಲಿ. ಅವ್ವನನ್ನೂ ಕರೆದುಕೊಂಡು ಬಾ. ಮೊಣಕಾಲು ನೋವೆಂದು ಅವರು ಬೇಡ ಎನ್ನಬಹುದು. ಎಲ್ಲೂ ಅವಸರ ಇರುವುದಿಲ್ಲ ಎಂದು ನನ್ನ ಹೆಸರು ಹೇಳಿ ಒಪ್ಪಿಸು.

ಕೊನೆಯ ಎರಡು ದಿನ ಗೋಕರ್ಣ. ಹೊಳೆ ಸಮುದ್ರ ಸೇರುವ ಜಾಗವನ್ನು ದಂಡೆಯಿಂದಲೇ ತೋರಿಸೋಣ, ಅಲ್ಲಿ ಸೆಳೆತ ಇರುವುದರಿಂದ ನೀರಿಗಿಳಿಯುವುದು ಬೇಡ. ಮರಳಿನಲ್ಲಿ ಆಡಲು ಗೋಕರ್ಣದ ಉದ್ದನೆಯ ದಂಡೆ ಇದ್ದೇ ಇದೆ.

ದೀಪಾವಳಿ ಜನಜಂಗುಳಿ ಕರಗಿದ ಮೇಲಿನ ವಾರ ನನಗೆ ರಜೆ ಸಿಗುತ್ತದೆ. ವೈನಿಯವರನ್ನು ಕೇಳಿ ಈ ಭಾನುವಾರದೊಳಗೆ ತಿಳಿಸು. ಯಲ್ಲಾಪುರದ ವಸತಿ ನಾನು ನೋಡುತ್ತೇನೆ, ಗೋಕರ್ಣದ್ದು ನಿನಗೆ ಬಿಟ್ಟದ್ದು.

ನಿನ್ನ ಗೆಳೆಯ,
ಧಾರವಾಡದಿಂದ