ಪಾವಟೆ ನಗರದಿಂದ ಚಂಡೀಗಢಕ್ಕೆ

ಪ್ರೀತಿಯ ಗೆಳೆಯಾ,

ಚಂಡೀಗಢದ ಚಳಿ ಒಗ್ಗಿತಾ? ಮೊನ್ನೆ ಹಳೇ ಟ್ರಂಕಿನಲ್ಲಿ ನಿನ್ನದೊಂದು ಲಕೋಟೆ ಸಿಕ್ಕಿತು. ರಜೆಗೆ ಊರಿಗೆ ಹೋದವನು ಹಾಸ್ಟೆಲಿಗೆ ಬರೆದದ್ದು. ಮಳೆ ನೀರು ತಾಗಿ ನನ್ನ ಹೆಸರು ಅಳಿಸಿಹೋಗಿದೆ. ಕೆಳಗೆ ‘ಪಾವಟೆ ನಗರ, ಧಾರವಾಡ – 580003’ ಮಾತ್ರ ಹಾಗೇ ಇದೆ. ಎಷ್ಟು ಸಲ ಬರೆದಿದ್ದೇವೆ ಆ ವಿಳಾಸವನ್ನ! ಪಾವಟೆ ಯಾರು ಅಂತ ಒಂದು ಸಲವೂ ಕೇಳಲಿಲ್ಲ, ಅಲ್ವಾ? ನೀನೀಗ ಇರುವ ಊರಿಗೂ ಅವರಿಗೂ ನಂಟಿದೆ.

ಡಿ. ಸಿ. ಪಾವಟೆ ಗೋಕಾಕ ತಾಲೂಕಿನ ಮಮದಾಪುರದವರು. ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಧಾರವಾಡಕ್ಕೆ ಬಂದ ನಮ್ಮ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ 13 ವರ್ಷ ಕುಲಪತಿ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕ್ಯಾಂಪಸ್ ಎದ್ದು ನಿಂತದ್ದು ಅವರ ಕಾಲದಲ್ಲಿ.

1967ರಲ್ಲಿ ಪಂಜಾಬಿನ ರಾಜ್ಯಪಾಲರಾದರು. ಅಲ್ಲಿ ಸರಕಾರಗಳು ಒಂದರ ಹಿಂದೊಂದು ಬೀಳುತ್ತಿದ್ದ ಕಾಲ. 1968ರ ಮಾರ್ಚ್ 7ರಂದು ಸ್ಪೀಕರ್ ವಿಧಾನಸಭೆಯನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ಬಜೆಟ್ ಪಾಸಾಗಿರಲಿಲ್ಲ. ಮಾರ್ಚ್ ಮುಗಿದರೆ ಸಂಬಳಕ್ಕೂ ಖಜಾನೆಯಿಂದ ದುಡ್ಡು ತೆಗೆಯುವಂತಿಲ್ಲ. ಪಾವಟೆ 11ರಂದು ಆ ಅಧಿವೇಶನವನ್ನೇ ಮುಗಿಸಿದರು. 13ರಂದು ಸುಗ್ರೀವಾಜ್ಞೆ ಬಂತು: ಹಣಕಾಸಿನ ಕೆಲಸ ಮುಗಿಯುವ ತನಕ, ಸದನ ಒಪ್ಪದೆ ಸಭೆ ಮುಂದೂಡುವಂತಿಲ್ಲ. 18ಕ್ಕೆ ಮತ್ತೆ ಸಭೆ ಕರೆದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಾಜ್ಯಪಾಲರು ಮಾಡಿದ್ದು ಸರಿ ಅಂತಲೇ ತೀರ್ಪು ಬಂತು.

ಇದನ್ನು ಓದುವಾಗ ನನಗೆ ಧಾರವಾಡದ ಕುಲಪತಿಯೇ ಕಂಡರು. ವರ್ಷಗಟ್ಟಲೆ ಸಭೆ ನಡೆಸಿ, ಬಜೆಟ್ ಮಂಡಿಸಿ, ನಿಯಮದ ಪುಸ್ತಕ ಬಾಯಿಪಾಠವಾದವರಿಗೆ ಏಳು ದಿನದಲ್ಲಿ ಏನು ಮಾಡಬಹುದು ಅನ್ನೋದು ಗೊತ್ತಿರುತ್ತದೆ. ರಾಜಕೀಯದಲ್ಲಿ ಪಳಗಿದವರಿಗಿಂತ ಅವರಿಗೆ ಜಾಸ್ತಿ ಗೊತ್ತಿತ್ತು ಅಂತಲೇ ನಾನು ನಂಬುತ್ತೇನೆ.

ಇನ್ನೊಂದು ಮಾತು. ಗುರುನಾನಕರ 500ನೇ ಜಯಂತಿಯ ವರ್ಷ, 1969ರಲ್ಲಿ, ಅಮೃತಸರದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಶುರುವಾಯಿತು. ಆಗಲೂ ರಾಜ್ಯಪಾಲರು ಪಾವಟೆಯವರೇ. ಸುದ್ದಿ ಓದಿ ಎಷ್ಟು ಖುಷಿಯಾಯಿತು ಗೊತ್ತಾ, ನಮ್ಮ ಮನೆಯವರದೇ ಅನ್ನಿಸಿತು.

ಅಮೃತಸರಕ್ಕೆ ಹೋದಾಗ ಆ ಕ್ಯಾಂಪಸ್ಸಿನ ಗೇಟಿನ ಫೋಟೋ ಕಳಿಸು. ನಾನು ಈ ಭಾನುವಾರ ಗುಡ್ಡ ಹತ್ತಿ ನಮ್ಮದನ್ನು ತೆಗೆದು ಕಳಿಸುತ್ತೇನೆ. ಲಕೋಟೆ ನನ್ನ ಹತ್ತಿರವೇ ಇರಲಿ.

ನಿನ್ನ,
ಹಳೇ ರೂಮ್‌ಮೇಟ್