ಸಿಂಹ ಆಮೇಲೆ, ಮೊದಲು ನೀರು ನೋಡು

ಗೆಳೆಯಾ,

ನಿನ್ನ ಪ್ಲ್ಯಾನ್ ನೋಡಿದೆ. ಕೀನ್ಯಾಗೆ ಹೋಗಿ ಬರೀ ಮಸಾಯಿ ಮಾರಾ ವನ್ಯಜೀವಿ ಮೀಸಲು ನೋಡ್ಕೊಂಡು ಬರ್ತೀಯಾ? ಬೇಡ ಕಣೋ. ಮಾರಾ ಚೆನ್ನಾಗಿಲ್ಲ ಅಂತಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಟಾಂಜಾನಿಯಾದ ಸೆರೆಂಗೆಟಿ ಕಡೆಯಿಂದ ಜಿಂಕೆ ಜಾತಿಯ ವಿಲ್ಡಬೀಸ್ಟ್‌ಗಳು ಲಕ್ಷಗಟ್ಟಲೆ ಬರುತ್ತವೆ, ಮೊಸಳೆ ಇರೋ ನದಿಗೆ ಹಾರುತ್ತವೆ. ನೋಡಲೇಬೇಕಾದ್ದು ನಿಜ. ಆದರೆ ಪೊದೆಯಡಿ ಒಂದು ಸಿಂಹ ಬಿದ್ಕೊಂಡಿದ್ದರೆ ಸುತ್ತ ವ್ಯಾನುಗಳ ಜಾತ್ರೆ. ಅದು ದಿನದ ಮುಕ್ಕಾಲು ಪಾಲು ಮಲಗೇ ಇರೋ ಪ್ರಾಣಿ. ಎಷ್ಟು ಹೊತ್ತು ಅಂತ ನೋಡ್ತೀಯ?

ಅಲ್ಲಿ ಎಲ್ಲಿಗೆ ಹೋದರೂ ನಾನು ಮೊದಲು ಕೇಳೋದು, ಇಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ. ಅದು ಗೊತ್ತಾದರೆ ಯಾವ ಪ್ರಾಣಿ ಎಲ್ಲಿರುತ್ತೆ, ಯಾಕಿರುತ್ತೆ ಅನ್ನೋದು ತಾನಾಗೇ ತಿಳಿಯುತ್ತದೆ.

ಅಂಬೊಸೆಲಿ ವನ್ಯಧಾಮ ನೋಡು. ಎಲ್ಲಿ ನೋಡಿದರೂ ಧೂಳು, ಒಣಗಿದ ಕೆರೆ, ಬಿಸಿಲು. ಅದರ ನಡುವೆ ಹಚ್ಚಹಸಿರು ಜೌಗು! ಕಿಲಿಮಂಜಾರೊ ಮೇಲೆ ಬಿದ್ದ ನೀರು ಲಾವಾ ಕಲ್ಲಿನೊಳಗೆ ಇಂಗಿ, ನೆಲದಡಿಯಲ್ಲೇ ಹರಿದು ಬಂದು ಇಲ್ಲಿ ಉಕ್ಕುತ್ತದೆ. ಪರ್ವತ ಇರೋದು ಟಾಂಜಾನಿಯಾದಲ್ಲಿ, ಅದರ ನೀರು ಕುಡಿಯೋದು ಕೀನ್ಯಾದ ಆನೆಗಳು. ಅವು ಹೊಟ್ಟೆಮಟ್ಟ ಜೌಗಿನಲ್ಲಿ ನಿಂತು ಹುಲ್ಲು ಕಿತ್ತು ತಿನ್ನುತ್ತಿರುತ್ತವೆ. ಮೇಲೆ ಬಂದಾಗ ಕೆಳಗರ್ಧ ಕಪ್ಪು, ಮೇಲರ್ಧ ಬೂದಿ ಬಣ್ಣ. ಆನೆ ಸಂಶೋಧಕಿ ಸಿಂಥಿಯಾ ಮಾಸ್ 1972ರಲ್ಲಿ ಶುರುಮಾಡಿದ ಅಧ್ಯಯನದಿಂದಾಗಿ ಇಲ್ಲಿನ ಆನೆಗಳನ್ನು ಮನೆತನದ ಲೆಕ್ಕದಲ್ಲಿ ಒಂದೊಂದಾಗಿ ಗುರುತಿಸುತ್ತಾರೆ. ಬೆಳಿಗ್ಗೆ ಬೇಗ ಏಳು. ಹೊತ್ತೇರಿದರೆ ಮೋಡ ಕವಿದು ಪರ್ವತವೇ ಕಾಣಲ್ಲ.

ತ್ಸಾವೊದಲ್ಲಿ ಆನೆಗಳು ಕೆಂಪು. ಕೆಮ್ಮಣ್ಣು ಮೈಗೆ ಎರಚಿಕೊಳ್ಳುತ್ತವಲ್ಲ, ಅದಕ್ಕೆ. 1898ರಲ್ಲಿ ಇಲ್ಲಿ ರೈಲು ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹ ಕೆಲಸಗಾರರನ್ನು ಹೊತ್ತೊಯ್ದು ತಿಂದಿದ್ದವು. ಆ ಕೆಲಸಗಾರರಲ್ಲಿ ಬಹಳಷ್ಟು ಜನ ಭಾರತದಿಂದ ಹೋದವರು. ಎಲ್ಲರೂ ಈ ನರಭಕ್ಷಕಗಳ ಕತೆಯನ್ನೇ ಹೇಳ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಪಶ್ಚಿಮ ತ್ಸಾವೊದ ಮ್ಜಿಮಾ ಚಿಲುಮೆ. ಚ್ಯುಲು ಬೆಟ್ಟದ ಮಳೆನೀರು ಲಾವಾದಲ್ಲಿ ಸೋಸಿ ಬಂದು, ತಳ ಕಾಣುವಷ್ಟು ತಿಳಿಯಾಗಿ ಉಕ್ಕುತ್ತದೆ. ದೂರದ ಮೊಂಬಾಸಾಗೂ ಇಲ್ಲಿಂದ ಪೈಪಿನಲ್ಲಿ ನೀರು ಹೋಗುತ್ತದೆ. ನೀರಿನ ಮಟ್ಟದ ಕೆಳಗೆ ಕಿಟಕಿ ಇರೋ ಒಂದು ಪುಟ್ಟ ಕೋಣೆ ಇದೆ. ಅದೃಷ್ಟ ಇದ್ದರೆ ನೀರಾನೆ ತಳದಲ್ಲಿ ನಡೆದುಹೋಗೋದು ಕಾಣುತ್ತೆ. ಅಷ್ಟು ಭಾರದ ಪ್ರಾಣಿ ನೆಲಕ್ಕೆ ಕಾಲು ತಾಗಿಸಿದ್ದೇ ಗೊತ್ತಾಗಲ್ಲ. ಹಿಂದೆಯೇ ಮೀನುಗಳು ಅದರ ಚರ್ಮಕ್ಕೆ ಬಾಯಿ ಹಾಕ್ತಾ ಬರುತ್ತವೆ.

ನಕುರು ಸರೋವರದಲ್ಲಿ ನೀರೇ ಜಾಸ್ತಿಯಾಗಿ ತೊಂದರೆ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಮಟ್ಟ ಏರಿ ದಡದ ಮರಗಳು ನಿಂತಲ್ಲೇ ಸತ್ತಿವೆ. ಉಪ್ಪಿನಂಶ ತೆಳುವಾಗಿ, ಫ್ಲೆಮಿಂಗೋಗಳು ತಿನ್ನೋ ಪಾಚಿ ಕಡಿಮೆಯಾಯ್ತು. ಆ ಗುಲಾಬಿ ಹಕ್ಕಿಗಳಲ್ಲಿ ಬಹಳಷ್ಟು ಬೊಗೋರಿಯಾ ಸರೋವರದ ಕಡೆ ಹೋದವು. ಹಳೇ ಫೋಟೋದ ಗುಲಾಬಿ ದಡ ಹುಡುಕ್ಕೊಂಡು ಹೋಗಬೇಡ. ಘೇಂಡಾಮೃಗಕ್ಕೆ ಹೋಗು, ಕಪ್ಪು ಬಿಳಿ ಎರಡೂ ಸಿಗುತ್ತವೆ.

ಉತ್ತರದ ಸಂಬುರು ಮಾತ್ರ ಬಿಡಲೇಬೇಡ. ಕಾನೂನಿನ ಲೆಕ್ಕದಲ್ಲಿ ಅದೂ ಮಾರಾ ಥರ ರಾಷ್ಟ್ರೀಯ ಮೀಸಲು, ಉದ್ಯಾನ ಅಲ್ಲ. ಪ್ರಾಣಿಗಳಿಗೆ ಅದೆಲ್ಲ ಗೊತ್ತಿಲ್ಲ ಬಿಡು. ಅಲ್ಲಿನ ಗ್ರೇವಿ ಜೀಬ್ರಾಗೆ ಸಣ್ಣ ಸಣ್ಣ ಪಟ್ಟೆ, ದುಂಡನೆ ದೊಡ್ಡ ಕಿವಿ, ಬಿಳಿ ಹೊಟ್ಟೆ. ಗೆರೆನುಕ್ ಅಂತ ಒಂದು ಉದ್ದ ಕತ್ತಿನ ಜಿಂಕೆ ಇದೆ. ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗಾಲಲ್ಲಿ ಕೊಂಬೆ ಬಗ್ಗಿಸಿ ಮುಳ್ಳಿನ ನಡುವೆ ಎಲೆ ಆರಿಸುತ್ತದೆ. ಎಲೆಯಲ್ಲಿರೋ ತೇವವೇ ಅದಕ್ಕೆ ಸಾಕು, ನೀರು ಕುಡಿಯದೆಯೂ ಬದುಕುತ್ತದೆ. ನನ್ನ ನೀರಿನ ಲೆಕ್ಕವನ್ನೆಲ್ಲ ಅದು ಕ್ಯಾರೇ ಅನ್ನಲಿಲ್ಲ!

ಜೀಪಲ್ಲಿ ಕೂತು ಬೇಜಾರಾದರೆ ಹೆಲ್ಸ್ ಗೇಟ್‌ಗೆ ಹೋಗು. ಆ ಉದ್ಯಾನದಲ್ಲಿ ಸೈಕಲ್ ತುಳೀಬಹುದು, ಪಕ್ಕದಲ್ಲೇ ಜೀಬ್ರಾ ಮೇಯುತ್ತಿರುತ್ತವೆ. ನೈರೋಬಿ ಉದ್ಯಾನವನ್ನು ವಾಪಸ್ ಹೊರಡೋ ದಿನಕ್ಕೆ ಇಟ್ಕೋ. 1946ರದ್ದು, ದೇಶದ ಮೊದಲನೆಯದು, ನಗರಕ್ಕೇ ಅಂಟಿಕೊಂಡಿದೆ.

ಮಾರಾದಲ್ಲಿ ಎರಡು ದಿನ ಕಡಿಮೆ ಮಾಡಿ ಸಂಬುರುಗೆ ಕೊಡು. ಟಿಕೆಟ್ ಬುಕ್ ಮಾಡೋ ಮುಂಚೆ ತಾರೀಕು ಹೇಳು. ಏಪ್ರಿಲ್ ಆದರೆ ಮಳೆಗಾಲ, ದಾರಿ ಕೆಸರು. ಹೊಸದಾಗಿ ಪ್ಲ್ಯಾನ್ ಮಾಡೋಣ.

ನಿನ್ನ ಗೆಳೆಯ